ಇಸ್ಪೀಟು ನನ್ನ ಉದ್ಯೋಗವಾಗಿದ್ದಾಗ

ಕೆಲಸದಲ್ಲಿದ್ದಷ್ಟು ದಿನ ನನ್ನ ಬಾಳಿನಲ್ಲಿ ನಗುವಂಥದ್ದು ಒಂದೂ ನಡೆಯಲಿಲ್ಲ. ಕೆಲಸ ಹೋದದ್ದೇ ತಡ, ಮೇಲಿಂದ ಮೇಲೆ ನಡೆಯತೊಡಗಿತು. ಅವನ್ನು ಬಾಯಲ್ಲಿ ಹೇಳಿದಾಗ ಜನ ನಕ್ಕಿದ್ದಾರೆ. ಬರೆದರೂ ನಗುತ್ತಾರೋ ಇಲ್ಲವೋ ಗೊತ್ತಿಲ್ಲ, ಬರೆಯುತ್ತಿರುವುದು ಇದೇ ಮೊದಲು. ಎಲ್ಲಿ ಅರ್ಥವಾಗದೆ ಹೋಗುತ್ತದೋ ಎಂಬ ಹೆದರಿಕೆಯಿಂದ ಸ್ವಲ್ಪ ಹೆಚ್ಚಾಗಿಯೇ ಬಿಡಿಸಿ ಹೇಳುತ್ತೇನೆ. ಗೊತ್ತಿದ್ದವರು ಅಂಥ ಕಡೆ ಹಾರಿಸಿಕೊಂಡು ಓದಬಹುದು.

ಮೊದಲು ನನ್ನ ಸ್ಥಿತಿ. ಊರು ಅರಸೀಕೆರೆ. ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಮಂಡಿ ಅಣ್ಣತಮ್ಮಂದಿರದು, ಅವರು ಪಾಲಾದರು, ಮಂಡಿ ಮುಚ್ಚಿತು. ಅಣ್ಣನ ಪಾಲಿಗೆ ತಕ್ಕಡಿ ಹೋಯಿತು, ತಮ್ಮನ ಪಾಲಿಗೆ ಗೋಣಿಚೀಲ ಹೋಯಿತು, ನಾನು ಯಾರ ಪಾಲಿಗೂ ಬೇಕಾಗಲಿಲ್ಲ. ಆಗ ನನಗೆ ಮದುವೆಯಾಗಿ ಒಂದು ವರ್ಷ. ಹೆಂಡತಿ ಬೇಲೂರಿನವಳು, ಯುಗಾದಿಗೆಂದು ತವರಿಗೆ ಹೋಗಿದ್ದಳು. ಮಾವನವರು ಅಲ್ಲಿ ಸ್ಕೂಲು ಮೇಷ್ಟ್ರು. ನನ್ನ ಕೆಲಸ ಹೋದ ಸುದ್ದಿ ತಿಳಿದವರೇ ಹೇಳಿ ಕಳಿಸಿದರು: "ಅಳಿಯಂದಿರಿಗೆ ಒಂದು ಸಂಪಾದನೆ ಅಂತ ಆದಮೇಲೆ ಬಂದು ಕರಕೊಂಡು ಹೋಗಲಿ. ಇಲ್ಲೇ ಗೊತ್ತಿರೋ ಜವಳಿ ಅಂಗಡೀಲಿ ಲೆಕ್ಕ ಬರೆಯೋ ಕೆಲಸ ಖಾಲಿ ಇದೆ. ಒಪ್ಪೋದಾದ್ರೆ ನಾಳೆಯೇ ಬರಲಿ."

ಮಾವನ ಊರಿನಲ್ಲಿ, ಮಾವ ಕೊಡಿಸಿದ ಕೆಲಸದಲ್ಲಿ, ಸೀರೆ ಮಡಿಸುವವರ ಪಕ್ಕ ಕೂರುವುದು ನನ್ನ ಮರ್ಯಾದೆಗೆ ಒಗ್ಗಲಿಲ್ಲ. ಹೆಂಡತಿ ಬೇಕು, ಜವಳಿ ಅಂಗಡಿ ಬೇಡ. ಬೇರೆ ದಾರಿ ಏನಿದೆ ಎಂದು ಹುಡುಕುತ್ತಿರುವಾಗ ಇಸ್ಪೀಟು ಸಿಕ್ಕಿತು.

೧. ವರ್ಷತೊಡಕು

ನಮ್ಮ ಕಡೆ ಯುಗಾದಿಯ ಮಾರನೆಯ ದಿನಕ್ಕೆ ವರ್ಷತೊಡಕು ಎನ್ನುತ್ತಾರೆ. ಆ ದಿನ ಏನು ಮಾಡುತ್ತೇವೋ ಅದೇ ವರ್ಷಪೂರ್ತಿ ತೊಡರಿಕೊಳ್ಳುತ್ತದೆ ಎಂದು ನಂಬಿಕೆ. ಆದ್ದರಿಂದ ಮಕ್ಕಳನ್ನು ಹೊಡೆಯುವುದಿಲ್ಲ, ಸಾಲ ಕೇಳುವುದಿಲ್ಲ. ಇಸ್ಪೀಟು ಆಡಿದರೆ ಮಾತ್ರ ಹಿರಿಯರೂ ಬೈಯುವುದಿಲ್ಲ. ಇದಕ್ಕೂ ಅದಕ್ಕೂ ಹೇಗೆ ಹೊಂದುತ್ತದೆ ಎಂದು ನಾನು ಬಹಳ ಜನರನ್ನು ಕೇಳಿದ್ದೇನೆ, ಯಾರಿಗೂ ಗೊತ್ತಿಲ್ಲ.

ಆ ವರ್ಷ ನಮ್ಮ ಬೀದಿಯ ಜಗಲಿಯಲ್ಲಿ ರಮ್ಮಿ ನಡೆಯಿತು. ಕೈಗೆ ಬಂದ ಎಲೆಗಳನ್ನು ಸಾಲಾಗಿ ಜೋಡಿಸಿ ಮೊದಲು ಕೆಳಗಿಟ್ಟವನು ಗೆದ್ದ, ಇಷ್ಟೇ ಆಟ. ಎಂದೂ ಗೆಲ್ಲದ ನಾನು ಆ ದಿನ ಸೋಲಲೇ ಇಲ್ಲ. ಬೀದಿಯ ಹಿರಿಯರೊಬ್ಬರು ಎದ್ದು ಹೋಗುವಾಗ, "ಈವತ್ತು ಗೆದ್ದೋನು ವರ್ಷಪೂರ್ತಿ ಗೆಲ್ತಾನೆ ಕಣಯ್ಯ" ಎಂದರು. ನನಗೆ ತಲೆಯಲ್ಲಿ ದೀಪ ಹತ್ತಿದಂತಾಯಿತು. ವರ್ಷಪೂರ್ತಿ ಗೆಲ್ಲುವವನಿಗೆ ಬೇರೆ ಸಂಬಳ ಯಾಕೆ?

ಒಳಗೆ ಹೋಗಿ ಅಮ್ಮನಿಗೆ ಹೇಳಿದೆ. ಹೇಳುವಾಗ ಸಂತೋಷಕ್ಕೆ ಬಲಗಾಲು ಅಲ್ಲಾಡುತ್ತಿತ್ತು. ಅದು ನನ್ನ ಹುಟ್ಟುಗುಣ. ಸಂತೋಷವಾದರೆ ನನ್ನ ಬಲಗಾಲು ತಾನಾಗಿ ಕುಣಿಯುತ್ತದೆ.

"ಕಾಲು ಅಲ್ಲಾಡಿಸಬೇಡ್ವೋ, ಮನೆಗೆ ದರಿದ್ರ" ಎಂದರು ಅಮ್ಮ. ಆಮೇಲೆ, "ವರ್ಷತೊಡಕಲ್ಲಿ ಮಾಡಿದ್ದು ವರ್ಷವೆಲ್ಲ ನಡೆಯುತ್ತೆ ಅಂತೀಯಾ?"

"ಹೌದಮ್ಮ, ಶಾಸ್ತ್ರ."

"ಹೋದ ವರ್ಷ ಇದೇ ದಿನ ಬೆಳಗ್ಗೆ ಎದ್ದು ಮಂಡಿಗೆ ಕೆಲಸಕ್ಕೆ ಹೋಗಿದ್ದೆಯಲ್ಲೋ!"

೨. ಜಂಕ್ಷನ್ನಿನ ಆಟ

ಅಮ್ಮ ಹಾಗೆಂದರೂ ನನ್ನ ಕುತೂಹಲ ಹೋಗಲಿಲ್ಲ. ಇಸ್ಪೀಟಿನಿಂದ ಒಬ್ಬ ಮನುಷ್ಯ ನಿಜವಾಗಿ ಬದುಕಬಹುದೋ? ಪರೀಕ್ಷೆ ಮಾಡಿಯೇ ನೋಡೋಣ ಎನಿಸಿತು.

ಬೀದಿಯವರ ಜೊತೆ ಆಡಿದರೆ ಗೆದ್ದರೂ ಕಷ್ಟ, ಬೆಳಗಾದರೆ ಅವರ ಮುಖ ನೋಡಬೇಕು. ಆದರೆ ಅರಸೀಕೆರೆ ಜಂಕ್ಷನ್. ಅಂದರೆ ಒಂದು ಗಾಡಿ ಇಳಿದವರು ಇನ್ನೊಂದು ಗಾಡಿಗಾಗಿ ಇಲ್ಲಿ ಕಾಯಲೇಬೇಕು. ಮೈಸೂರು ಗಾಡಿಗೆ ಕಾಯುವವರಂತೂ ಆಕಳಿಸಿ ಆಕಳಿಸಿ ದವಡೆ ನೋಯಿಸಿಕೊಂಡಿರುತ್ತಾರೆ. ದಿನಾ ಹೊಸ ಮುಖ, ದಿನಾ ಬೇಸರ. ನಾನು ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು, ಬೆಂಚಿನ ಪಕ್ಕ ಟವಲು ಹಾಸಿ ಎಲೆ ಕಲಸತೊಡಗಿದೆ. ಎಲೆ ಕಲಸುವ ಸದ್ದಿಗೆ ಜನ ತಾವಾಗಿ ಬಂದು ಕೂತರು.

ಆಗ ನನಗೊಂದು ಸತ್ಯ ತಿಳಿಯಿತು. ನಾನು ಸೋಲುತ್ತಿದ್ದರೆ ಮೈಸೂರು ಗಾಡಿ ಬರುವುದೇ ಇಲ್ಲ. ನನಗೆ ಒಳ್ಳೆಯ ಕೈ ಬಂದು, ಇನ್ನೊಂದು ಎಲೆ ಸಿಕ್ಕರೆ ಆಟ ಮುಗಿಯಿತು ಎನ್ನುವಾಗ ಗಾಡಿ ಕೂಗುತ್ತದೆ. ಎದುರಿಗಿದ್ದವರು ಎಲೆ ಎಸೆದು, ಕಟ್ಟಿದ ಕಾಸು ಬಾಚಿಕೊಂಡು ಓಡುತ್ತಾರೆ. ಒಬ್ಬಾತ ಅವಸರದಲ್ಲಿ ನನ್ನ ಟವಲನ್ನೂ ಹೆಗಲಿಗೆ ಹಾಕಿಕೊಂಡು ಹತ್ತಿಬಿಟ್ಟ. "ಟವಲು, ಟವಲು!" ಎಂದು ಕೂಗಿದರೆ, ಕಿಟಕಿಯಿಂದ ಅದನ್ನೇ ಬೀಸಿ ನನಗೆ ವಿದಾಯ ಹೇಳಿದ.

ವಾರ ಕಳೆದ ಮೇಲೆ ಸ್ಟೇಷನ್ನಿನ ಅಧಿಕಾರಿಯೊಬ್ಬರು ನನ್ನನ್ನು ಕರೆದರು. ಇನ್ನು ಇಲ್ಲಿ ಕಾಲಿಡಬೇಡ ಎನ್ನುತ್ತಾರೆಂದು ಕೈ ಕಟ್ಟಿ ನಿಂತೆ.

"ನೀವು ದಿನಾ ಬರ್ತೀರಾ?"

"ಇಲ್ಲ ಸಾರ್, ಇನ್ಮೇಲೆ ಬರೋದಿಲ್ಲ."

"ಅಯ್ಯೋ, ಹಾಗನ್ನಬೇಡಿ! ನಾನು ಈ ಸ್ಟೇಷನ್ನಿಗೆ ಬಂದಾಗಿನಿಂದ ಆ ಮೈಸೂರು ಗಾಡಿ ಹೊತ್ತಿಗೆ ಸರಿಯಾಗಿ ಬಂದದ್ದು ಇದೊಂದು ವಾರ. ತಪ್ಪಿಸಬೇಡಿ, ದಿನಾ ಬನ್ನಿ."

೩. ಗಂಡಸಿಯಲ್ಲಿ ಗೆದ್ದದ್ದು

ಗಂಡಸಿಯಿಂದ ನಮ್ಮ ಮಂಡಿಗೆ ಕೊಬ್ಬರಿ ತರುತ್ತಿದ್ದ ಗೌಡರೊಬ್ಬರು ಸಂತೆಯಲ್ಲಿ ಸಿಕ್ಕಿದರು. ನನ್ನ ಹೊಸ ಉದ್ಯೋಗ ಕೇಳಿ ಅವರಿಗೆ ಬಹಳ ಖುಷಿಯಾಯಿತು. "ನಮ್ ತ್ವಾಟಕ್ಕೆ ಬನ್ನಿ ಸ್ವಾಮಿ. ನಮ್ದೂ ಒಂದ್ ಗುಂಪೈತೆ."

ಹೋದೆ. ಬಸ್ಸು ಇಳಿದು ತೋಟದ ಮನೆಗೆ ನಡೆದರೆ ನಾಲ್ಕು ಜನ ಚಾಪೆ ಹಾಸಿ ಕಾದಿದ್ದರು. ನಾನು ಜೇಬಿಗೆ ಕೈ ಹಾಕಿದ್ದೇ ತಡ, ಎಲ್ಲರೂ ಬೆಚ್ಚಿಬಿದ್ದರು.

"ದುಡ್ಡು ತೆಗೀಬ್ಯಾಡಿ! ದುಡ್ಡು ಕಟ್ಟಿ ಇಸ್ಪೀಟಾಡಾಕಿಲ್ಲ ಅಂತ ಮಠದ ಬುದ್ಯೋರು ನಮ್ ತಾವ ಮಾತು ತಗಂಡವ್ರೆ."

"ಮತ್ತೆ ಏನು ಕಟ್ಟುತ್ತೀರಿ?"

"ಕಾಯಿ. ಕಾಯಿ ಇಚಾರ ಬುದ್ಯೋರು ಏನೂ ಹೇಳಿಲ್ಲ."

ಅಂದು ವರ್ಷತೊಡಕಿನ ಶಕುನ ಫಲಿಸಿತು. ಸಂಜೆಯ ಹೊತ್ತಿಗೆ ನನ್ನ ಬೆನ್ನ ಹಿಂದೆ ತೆಂಗಿನಕಾಯಿಯ ಗುಡ್ಡೆ ಗೋಡೆಯಂತೆ ಎದ್ದಿತ್ತು. ಇದನ್ನು ಮಾರಿ ನೇರವಾಗಿ ಬೇಲೂರಿಗೆ ಹೋಗಿ ಹೆಂಡತಿಯನ್ನು ಕರೆತರುತ್ತೇನೆ ಎಂದುಕೊಂಡೆ. ಗೌಡರ ಎತ್ತಿನ ಗಾಡಿಯಲ್ಲಿ ಅಷ್ಟನ್ನೂ ರಸ್ತೆಗೆ ಸಾಗಿಸಿದ್ದಾಯಿತು. ಬಸ್ಸಿನ ಕಂಡಕ್ಟರು ಗುಡ್ಡೆಯನ್ನೂ ನನ್ನನ್ನೂ ನೋಡಿ, ಕೇಳುವ ಮೊದಲೇ ಸೀಟಿ ಊದಿ ಹೊರಟುಬಿಟ್ಟ.

"ಗೌಡರೇ, ಇವನ್ನು ನೀವೇ ಕೊಂಡುಕೊಳ್ಳಿ" ಎಂದೆ.

"ಹಸೀ ಕಾಯಿ ಕೊಳ್ಳಾದಾ? ಮಂಡೀಲಿದ್ದೋರು ನೀವೇ ಹಿಂಗಂದ್ರೆ ಹೆಂಗೆ? ಅಟ್ಟದ ಮ್ಯಾಲೆ ಹಾಕ್ಬುಡಾನ. ಬರೋ ಯುಗಾದಿಗೆ ಬನ್ನಿ, ವಸಿ ಕೊಬ್ಬರಿ ಆಗಿರ್ತವೆ."

ಇದನ್ನು ಹೊರಗಿನವರಿಗೆ ಹೇಳಬೇಕು. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಸುಮಾರು ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ಉಂಡೆ ಕೊಬ್ಬರಿಯಾಗಿ, ಅಲ್ಲಾಡಿಸಿದರೆ ಲೊಟಲೊಟ ಎಂದಾಗಲೇ ಅದಕ್ಕೆ ಬೆಲೆ. ಮಂಡಿಯಲ್ಲಿ ದಿನಾ ಕೊಬ್ಬರಿ ನೋಡಿದವನಿಗೆ ಗೆಲ್ಲುವ ಗಡಿಬಿಡಿಯಲ್ಲಿ ಇದೊಂದು ಮರೆತು ಹೋಗಿತ್ತು.

"ಅಲ್ಲೀತನಕ ನಾನೇನು ತಿನ್ನಲಿ ಗೌಡರೇ?"

ಗೌಡರು ನಿಜವಾಗಿ ಯೋಚಿಸಿದರು. "ಅದ್ಕೇನಂತೆ ಸ್ವಾಮಿ, ಹೋದೊರ್ಸದ ಕಾಯಿ ಸುಲಿಯೋದೈತೆ. ನಾಳೆಯಿಂದ ಬನ್ನಿ, ಕೂಲಿ ಕೊಡ್ತೀನಿ."

೪. ಕಲ್ಲಿನ ಮುಖ

ಹಳೇಬೀಡಿನಲ್ಲಿ ಮಿಲಿಟರಿಯಿಂದ ನಿವೃತ್ತರಾಗಿ ಬಂದ ಒಬ್ಬರಿದ್ದರು. ಅವರಿಗೆ ಪೋಕರ್ ಎಂಬ ಆಟ ಗೊತ್ತಿದೆ, ಅಮೆರಿಕದಲ್ಲಿ ಅದನ್ನೇ ಆಡಿ ಜನ ಬಂಗಲೆ ಕಟ್ಟಿಸುತ್ತಾರಂತೆ ಎಂದು ಕೇಳಿ ಹುಡುಕಿಕೊಂಡು ಹೋದೆ. ಅವರು ಬೀಡಿ ಸೇದುತ್ತ ಅರ್ಧ ದಿನ ಕಲಿಸಿದರು. ನನಗೆ ಅರ್ಥವಾದ ಮಟ್ಟಿಗೆ, ಅದರಲ್ಲಿ ಎಲೆ ಮುಖ್ಯವಲ್ಲ, ಮುಖ ಮುಖ್ಯ. ಕೆಟ್ಟ ಎಲೆ ಇದ್ದರೂ ಒಳ್ಳೆಯದಿದೆ ಎಂದು ಎದುರಿನವನು ನಂಬಬೇಕು, ಒಳ್ಳೆಯದಿದ್ದರೆ ಗೊತ್ತೇ ಆಗಬಾರದು.

ಒಂದು ಕೈ ಆಡಿದೆವು. ನನಗೆ ಮೂರು ರಾಜ ಬಂದವು. ಅವರು ತಕ್ಷಣ ಎಲೆ ಕೆಳಗಿಟ್ಟು, "ನಾನು ಆಡಲ್ಲ" ಎಂದರು.

"ಯಾಕೆ ಸಾರ್?"

"ನಿಮ್ಮ ಬಲಗಾಲು ನನ್ನ ಟೀ ಲೋಟ ಉರುಳಿಸ್ತಲ್ಲರೀ! ಮೈಯೆಲ್ಲ ಕಲ್ಲಾಗಬೇಕು, ಮುಖ ಕಲ್ಲಾಗಬೇಕು. ಇರೋದು ಹಳೇಬೀಡಲ್ಲಿ, ಇಲ್ಲಿ ಕಲ್ಲಿಗೇನು ಬರ? ಹೋಗಿ ದೇವಸ್ಥಾನದ ಗೋಡೆ ನೋಡಿ ಕಲಿತುಕೊಂಡು ಬನ್ನಿ."

ನಾನು ಅದನ್ನು ನಿಜವೆಂದೇ ತಿಳಿದು ಹೋದೆ. ಗುಡಿಯ ಸುತ್ತ ಒಂದು ಸುತ್ತು ಬಂದು ಪ್ರತಿ ಮುಖವನ್ನೂ ಹತ್ತಿರದಿಂದ ನೋಡಿದೆ. ಒಬ್ಬಳು ಕನ್ನಡಿ ನೋಡಿ ಬೀಗುತ್ತಿದ್ದಾಳೆ. ಒಬ್ಬ ಮದ್ದಲೆ ಬಾರಿಸುತ್ತ ಮೈಮರೆತಿದ್ದಾನೆ. ಯುದ್ಧಕ್ಕೆ ಹೊರಟವನಿಗೆ ಸಿಟ್ಟು, ಬಿದ್ದವನಿಗೆ ನೋವು. ಕೆಳಗಿನ ಸಾಲಿನ ಆನೆಗಳ ಮುಖದಲ್ಲೂ ಮದುವೆಗೆ ಹೊರಟವರ ಸಡಗರ. ಕುಣಿಯುವವರ ಕಾಲಂತೂ ನನ್ನದಕ್ಕಿಂತ ಹೆಚ್ಚು ಮೇಲೆದ್ದಿತ್ತು.

ಹಿಂದಿರುಗಿ ಬಂದಾಗ ಅವರು, "ಏನು ಕಲಿತಿರಿ?" ಎಂದರು.

"ಸಾರ್, ಈ ಊರಲ್ಲಿ ಕಲ್ಲಿಗೇ ಮುಖ ಬಿಗಿಹಿಡಿಯೋಕೆ ಬರೋದಿಲ್ಲ, ನನ್ನ ಕೈಲಿ ಹೇಗಾಗುತ್ತೆ?"

೫. ಮಡಿಯಲ್ಲಿ ರಮ್ಮಿ

ಹಳೇಬೀಡಿನವರೆಗೆ ಬಂದವನು ಬೇಲೂರಿಗೆ ಹೋಗದಿರಲು ಸಾಧ್ಯವಾಗಲಿಲ್ಲ. ಹೆಂಡತಿಯನ್ನು ನೋಡಿ ತಿಂಗಳುಗಳಾಗಿದ್ದವು. ಧೈರ್ಯ ಮಾಡಿ ಬಸ್ಸು ಹತ್ತಿದೆ.

ಮಾವನವರು ಕಾಲಿಗೆ ನೀರು ಕೊಡಿಸಿ, ಕಾಫಿ ಕೊಡಿಸಿ, ಆಮೇಲೆ ನಿಧಾನವಾಗಿ ಕೇಳಿದರು. "ನಮ್ಮ ಹೆಡ್ಮೇಷ್ಟ್ರು ನಿಮ್ಮನ್ನ ಅರಸೀಕೆರೆ ಸ್ಟೇಷನ್ನಿನಲ್ಲಿ ನೋಡಿದರಂತೆ. ಟವಲು ಹಾಸಿಕೊಂಡು ಕೂತಿದ್ದಿರಂತೆ. ಪಾಪ, ಒಂದಾಣೆ ಹಾಕೋಣ ಅಂತ ಜೇಬಿಗೂ ಕೈ ಹಾಕಿದರಂತೆ."

"ಛೆ, ಛೆ! ಅದು ಇಸ್ಪೀಟು ಮಾವ" ಎಂದು ಮರ್ಯಾದೆ ಉಳಿಸಿಕೊಂಡೆ. ಉಳಿಯಿತೆಂದು ಆಗ ಅನ್ನಿಸಿತ್ತು. "ಈಗ ಅದೇ ನನ್ನ ಉದ್ಯೋಗ. ಬೇಕಾದಷ್ಟು ಗೆದ್ದಿದ್ದೇನೆ. ಅಟ್ಟದ ಮೇಲಿದೆ."

ಬೈಯುತ್ತಾರೆಂದುಕೊಂಡೆ. ಅವರು ಲೆಕ್ಕದ ಮೇಷ್ಟ್ರು, ಪರೀಕ್ಷೆ ಮಾಡದೆ ಯಾವುದನ್ನೂ ತಪ್ಪು ಎನ್ನುವವರಲ್ಲ. "ಸರಿ, ನೋಡಿಯೇ ಬಿಡೋಣ. ನಮ್ಮಮ್ಮನಿಗೆ ರಮ್ಮಿ ಬರುತ್ತೆ. ಮೂರಾಟದಲ್ಲಿ ಅವಳನ್ನ ಸೋಲಿಸಿದರೆ ಇದನ್ನ ಉದ್ಯೋಗ ಅಂತ ಒಪ್ಪಿ, ಮಗಳನ್ನ ಈವತ್ತೇ ಕಳಿಸ್ತೀನಿ. ನೀವು ಸೋತರೆ ನಾಳೆಯಿಂದ ಜವಳಿ ಅಂಗಡಿ. ಇಲ್ಲೇ ಒಂದು ಮನೆ ಮಾಡಿ ಇಬ್ಬರೂ ಇರಿ, ನಿಮ್ಮಮ್ಮನನ್ನೂ ಕರೆಸಿಕೊಳ್ಳಿ. ಆಗಬಹುದೇ?"

ಎಂಬತ್ತು ದಾಟಿದ ಅಜ್ಜಿಯ ಮೇಲೆ ಗೆಲ್ಲುವುದೇನು ದೊಡ್ಡದು? ಒಪ್ಪಿದೆ.

ಆದರೆ ಅಜ್ಜಿ ಮಡಿಯಲ್ಲಿದ್ದರು. ಮಡಿಯಲ್ಲಿರುವವರು ಕಂಡದ್ದನ್ನೆಲ್ಲ ಮುಟ್ಟುವಂತಿಲ್ಲ, ಇಸ್ಪೀಟೆಲೆಯಂತೂ ಯಾರ್ಯಾರ ಕೈ ತಿರುಗಿ ಬಂದದ್ದೋ. ಹಾಗಾಗಿ ಒಂದು ಏರ್ಪಾಡಾಯಿತು. ಅಜ್ಜಿ ದೂರದಲ್ಲಿ ಮಣೆಯ ಮೇಲೆ ಕೂರುವುದು, ನನ್ನ ಹೆಂಡತಿ ಅವರ ಮುಂದೆ ಕೂತು ಎಲೆಗಳನ್ನು ಅವರಿಗೆ ಕಾಣುವಂತೆ ಹಿಡಿಯುವುದು, ಅಜ್ಜಿ ಹೇಳಿದ ಎಲೆ ಹಾಕುವುದು. ಅಜ್ಜಿಗೆ ಕಿವಿ ಸ್ವಲ್ಪ ಮಂದ. ಕಿವಿ ಮಂದವಾದವರು ಗಟ್ಟಿಯಾಗಿ ಮಾತಾಡುತ್ತಾರೆ. ಇದು ಯಾಕೆ ಮುಖ್ಯ ಎಂದರೆ, ಅವರ ಕೈಯಲ್ಲಿ ಏನಿದೆ ಎಂಬುದು ನನಗೆ ಮಾತ್ರವಲ್ಲ, ಇಡೀ ಬೀದಿಗೆ ಕೇಳಿಸುತ್ತಿತ್ತು.

"ಆಟೀನು ರಾಣಿ ಒಂದು ಬಂದ್ರೆ ಮುಗೀತು ಕಣೇ! ಆ ರಾಜನ್ನ ಬಿಡಬೇಡ್ವೇ!"

ನನ್ನ ಕೈಯಲ್ಲೇ ಆಟೀನು ರಾಣಿ ಇತ್ತು. ಅದನ್ನು ಎದೆಗವಚಿಕೊಂಡು ಕೂತೆ. ಅದು ನನ್ನ ಆಟಕ್ಕೆ ಬೇಡದ ಎಲೆ, ಆದರೆ ಬಿಟ್ಟರೆ ಅಜ್ಜಿ ಗೆಲ್ಲುತ್ತಾರಲ್ಲ! ಎಷ್ಟು ಹೊತ್ತು ಹಿಡಿದಿದ್ದೆನೆಂದರೆ, ಅಷ್ಟರಲ್ಲಿ ಹೆಂಡತಿ ತಲೆ ಬಗ್ಗಿಸಿ, "ಆಯ್ತು ಅಜ್ಜಿ" ಎಂದು ಎಲೆ ಕೆಳಗೆ ಹರವಿದಳು. ಅದರಲ್ಲಿ ರಾಣಿಯೂ ಇರಲಿಲ್ಲ, ರಾಜನೂ ಇರಲಿಲ್ಲ.

ಎರಡನೆಯ ಆಟ. "ಏಳು ಬೇಕು, ಏಳು!" ಎಂದು ಅಜ್ಜಿ ಕೂಗಿದರು. ಏಳುಗಳನ್ನೆಲ್ಲ ಕೂಡಿಟ್ಟುಕೊಂಡೆ. ಹೆಂಡತಿ ಎಂಟು, ಒಂಬತ್ತು, ಹತ್ತು ಇಟ್ಟು ಆಟ ಮುಗಿಸಿದಳು. ಮೂರನೆಯದರಲ್ಲಿ ನನಗೆ ಅದ್ಭುತವಾದ ಕೈ ಬಂತು. ಬೇಕಾದದ್ದು ಒಂದೇ ಒಂದು ಎಲೆ. ಹೆಂಡತಿ ಒಮ್ಮೆ ಕೆಳಗೆ ನೋಡಿದಳು, ಹಾಕಲು ಎತ್ತಿ ಹಿಡಿದಿದ್ದ ಆ ಎಲೆಯನ್ನೇ ಹಿಂದಕ್ಕಿಟ್ಟು ಬೇರೆ ಹಾಕಿದಳು. ಆ ಎಲೆ ನನಗೆ ಕೊನೆವರೆಗೂ ಸಿಗಲಿಲ್ಲ.

ಎದುರಾಳಿಯ ಕೈಯಲ್ಲಿ ಏನಿದೆ ಎಂದು ಪೂರ್ತಿ ಕೇಳಿಸಿಕೊಂಡು ಮೂರಕ್ಕೆ ಮೂರೂ ಸೋತವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಮಾವನವರು ನಗಲಿಲ್ಲ. "ಅಂಗಡಿ ಬಾಗಿಲು ಒಂಬತ್ತಕ್ಕೆ ತೆಗೀತಾರೆ" ಎಂದರು ಅಷ್ಟೆ.

ಹೀಗೆ ಬೇಲೂರಿನಲ್ಲಿ ಮನೆ ಮಾಡಿದೆವು. ಅಮ್ಮನೂ ಬಂದರು. ಸೀರೆ ಮಡಿಸುವವರ ಪಕ್ಕ ಕೂತರೆ ಏನೂ ಆಗುವುದಿಲ್ಲ ಎಂಬುದೂ ತಿಳಿಯಿತು. ಒಂದು ಸಂಜೆ ಹೆಂಡತಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಪಕ್ಕ ಕೂತು, "ಆದರೂ ನಿಮ್ಮಜ್ಜಿ ಭಾರಿ ಆಟಗಾರ್ತಿ ಕಣೇ" ಎಂದೆ.

"ಅಜ್ಜೀನಾ? ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದು ಎಷ್ಟೋ ಕಾಲವಾಯ್ತು. ಮಾರು ದೂರದ ರಾಣಿ ಅವರಿಗೆಲ್ಲಿ ಕಾಣುತ್ತೆ? ಬಾಯಿಗೆ ಬಂದದ್ದು ಕೂಗ್ತಿದ್ದರು. ಆಡಿದ್ದು ನಾನು."

"ನೀನಾ! ಮೂರನೇ ಆಟದಲ್ಲಿ ನನಗೆ ಬೇಕಾದ ಎಲೆ ಅದೇ ಅಂತ ಹೇಗೆ ಗೊತ್ತಾಯ್ತು?"

"ಅದನ್ನ ಎತ್ತಿದ ಕೂಡಲೇ ನಿಮ್ಮ ಬಲಗಾಲು ಚಾಪೆ ಸಮೇತ ಕುಣೀತಲ್ಲ ರೀ."

ಒಳಗಿನಿಂದ ಅಮ್ಮ, "ನಾನು ಆವತ್ತೇ ಹೇಳಿದ್ದೆ, ಕಾಲು ಅಲ್ಲಾಡಿಸಬೇಡ ಅಂತ" ಎಂದರು.

ನನಗೆ ನಾಚಿಕೆಯಾಗಬೇಕಿತ್ತು. ಆದರೆ ಹಳೆಯ ಕುತೂಹಲ ಮತ್ತೆ ತಲೆಯೆತ್ತಿತು. ಹತ್ತಿರ ಸರಿದು ಮೆಲ್ಲಗೆ ಹೇಳಿದೆ: "ಇಷ್ಟು ಚೆನ್ನಾಗಿ ಆಡ್ತೀಯಲ್ಲ, ಜವಳಿ ಅಂಗಡಿ ಬಿಟ್ಟುಬಿಡ್ತೀನಿ. ನೀನು ಆಡು. ನಾವು ಅದರಲ್ಲೇ ಬದುಕಬಹುದಲ್ಲ?"

ಅವಳು ಅವರೆಕಾಯಿಯ ಮೊರವನ್ನು ನನ್ನ ಕಡೆಗೆ ತಳ್ಳಿದಳು.

"ಬದುಕಬಹುದು ರೀ. ಆದರೆ ಆಡೋಕೆ ನಿಮ್ಮಂಥೋರು ದಿನಕ್ಕೊಬ್ಬರು ಎಲ್ಲಿ ಸಿಗ್ತಾರೆ?"