ಅತ್ತೆಯ ಚಿಮಣಿಗೆ ಹನ್ನೆರಡನೇ ಬಣ್ಣ

ಭದ್ರಾವತಿಯಲ್ಲಿ ಚಿಮಣಿಗೆ ದೃಷ್ಟಿ ತೆಗೆಯುವ ಹೆಂಗಸು ಒಬ್ಬರೇ ಇದ್ದಾರೆ, ಅವರು ನನ್ನ ಸೋದರತ್ತೆ. ಊರಿನಲ್ಲಿ ಹೊಗೆಗೊಳವೆಗಳಿಗೇನು ಬರವೇ? ಆದರೆ ಅವೆಲ್ಲ ಕಾರ್ಖಾನೆಗಳವು. ಅತ್ತೆಯದು ಹಿತ್ತಿಲಿನ ಇಟ್ಟಿಗೆ ಚಿಮಣಿ, ಇಪ್ಪತ್ತು ಅಡಿ ಎತ್ತರ. ಅವರ ಮಾವ ಬೇಕರಿ ನಡೆಸುತ್ತಿದ್ದಾಗ ಸುಣ್ಣದ ಗಾರೆಯಲ್ಲಿ ಕಟ್ಟಿಸಿದ್ದು. ಬೇಕರಿ ನಿಂತು, ಒಲೆಯೊಳಗೆ ಬೆಕ್ಕು ಮರಿ ಹಾಕತೊಡಗಿ ಎಷ್ಟೋ ಕಾಲವಾಯಿತು. ಚಿಮಣಿ ಮಾತ್ರ ವರ್ಷ ವರ್ಷವೂ ಗೌರಿ ಹಬ್ಬಕ್ಕೆ ಹೊಸ ಬಣ್ಣ ಉಡುತ್ತಿತ್ತು.

ಬಣ್ಣವೆಂದರೆ ಅಂಗಡಿಯಿಂದ ತಂದದ್ದಲ್ಲ. ನೆಂಟರಲ್ಲಿ ಯಾರ ಮನೆಗೆ ಪೇಂಟ್ ಹೊಡೆಸಿದರೂ ಡಬ್ಬದ ತಳದಲ್ಲಿ ಉಳಿದದ್ದು ಅತ್ತೆಗೆ ಸೇರಬೇಕು. ಗೋಪಾಳದ ನಮ್ಮ ಮನೆಯ ಗೇಟಿನ ಹಸಿರು, ರಾಗಿಗುಡ್ಡದ ಚಿಕ್ಕಮ್ಮನ ಕಿಟಕಿಯ ನೀಲಿ, ಯಾರದೋ ಟ್ರ್ಯಾಕ್ಟರಿನ ಕೆಂಪು, ಎಲ್ಲವೂ ಆಯಿಲ್ ಪೇಂಟೇ. ಒಂದು ಡಬ್ಬ ಅರ್ಧಕ್ಕೇ ಮುಗಿದರೆ ಅಲ್ಲಿಂದ ಮೇಲಕ್ಕೆ ಇನ್ನೊಂದು. ಒಮ್ಮೆ ಹಳದಿಯ ಮೇಲೆ ಕಪ್ಪು ಪಟ್ಟೆ ಬಂದು, ತ್ಯಾವರೆಕೊಪ್ಪದ ಸಫಾರಿಯಿಂದ ತಪ್ಪಿಸಿಕೊಂಡ ಹುಲಿ ಹಿತ್ತಿಲಲ್ಲಿ ಬಾಲ ಎತ್ತಿ ನಿಂತಂತೆ ಕಾಣುತ್ತಿತ್ತು.

"ಮನೆ ಗೋಡೆಯೇ ಪಾಚಿ ಕಟ್ಟಿದೆಯಲ್ಲ ಅತ್ತೆ?" ಎಂದಿದ್ದೆ.

"ಗೋಡೆನ ಮನೆಗೆ ಬಂದವ್ರು ಮಾತ್ರ ನೋಡ್ತಾರೆ ಮಾರಾಯ. ಚಿಮಣಿನ ರೈಲಲ್ಲಿ ಹೋಗೋರೂ ನೋಡ್ತಾರೆ."

ಈ ವರ್ಷ ಚಿಮಣಿಯ ಬುಡದಲ್ಲಿ ಕೆಂಪು ಪುಡಿ ಉದುರತೊಡಗಿತು. ಅತ್ತೆ ಮೊದಲು ಕೋತಿಗಳನ್ನು ಶಂಕಿಸಿದರು, ಆಮೇಲೆ ಪಕ್ಕದ ಮನೆಯವರನ್ನು. ಕೊನೆಗೆ ಹಳೆಯ ಗಾರೆ ಕೆಲಸ ಬಲ್ಲ ಮೇಸ್ತ್ರಿಯೊಬ್ಬ ಬಂದು, ಕರಣೆಯ ಹಿಡಿಯಿಂದ ತಟ್ಟಿ, ಕಿವಿಯಿಟ್ಟು ಕೇಳಿದ.

"ಅಮ್ಮಾ, ಸುಣ್ಣದ ಗಾರೆ ಮಳೇಲಿ ನೀರು ಕುಡಿದ್ರೂ ಬಿಸಿಲಿಗೆ ಬಿಟ್ಬಿಡುತ್ತೆ. ನೀವು ಪೇಂಟ್ ಬಳಿದು ಬಳಿದು ಆ ದಾರಿ ಮುಚ್ಚಿದೀರಿ. ನೀರು ಒಳಗೇ ನಿಂತು ಇಟ್ಟಿಗೆ ಪುಡಿ ಆಗ್ತಾ ಇದೆ."

"ಅಂದ್ರೆ ನಾನೇ ಹಾಳು ಮಾಡ್ದೆ ಅಂತೀಯ?"

"ಪ್ರೀತಿ ಜಾಸ್ತಿ ಆಯ್ತು ಅಂತೀನಿ. ಪೇಂಟ್ ಪೂರ್ತಿ ಹೆರೀಬೇಕು, ತಲೆ ಭಾಗ ಬಿಚ್ಚಿ ಸುಣ್ಣದಲ್ಲೇ ಕಟ್ಟಬೇಕು. ಅಲ್ಲೀವರೆಗೂ ಯಾರೂ ಹತ್ರ ಹೋಗ್ಬೇಡಿ," ಎಂದು ಹೇಳಿ ಮೇಸ್ತ್ರಿ ಟೀ ಕುಡಿಯಲು ಹೋದ.

ಅವನು ಬೀದಿಯ ತಿರುವಿನಲ್ಲಿ ಮರೆಯಾಗುವುದಕ್ಕೂ ಅತ್ತೆ ಸೆರಗು ಬಿಗಿದು ಕಟ್ಟುವುದಕ್ಕೂ ಸರಿಹೋಯಿತು. ಕೈಯಲ್ಲಿ ಕನಕಾಂಬರ ಬಣ್ಣದ ಡಬ್ಬ!

"ಏಣಿ ಹಿಡ್ಕೋ. ಹನ್ನೊಂದು ಕೋಟ್ ತಡ್ಕೊಂಡಿದ್ದು ಹನ್ನೆರಡಕ್ಕೆ ಬೀಳುತ್ತಾ? ಬಿರುಕಿಗೆ ದಪ್ಪಗೆ ಬಳಿದ್ರೆ ಎಲ್ಲ ಸರಿಹೋಗುತ್ತೆ."

"ಅತ್ತೆ, ನಿಮಗೆ ಅರವತ್ತಾರು."

"ಚಿಮಣಿಗೆ ಇನ್ನೂ ಜಾಸ್ತಿ."

ಏಣಿ ಹಿಡಿದೆ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಗೋಡೆಗೆ ಒರಗಿಸಿದ ಏಣಿ ಯಾವಾಗ ಜಾರುತ್ತದೆ ಎಂಬ ಲೆಕ್ಕವನ್ನು ಕಾಲೇಜಿನ ಹುಡುಗರಿಗೆ ಎಷ್ಟೋ ಸಲ ಬಿಡಿಸಿ ತೋರಿಸಿದ್ದೇನೆ. ಆ ಲೆಕ್ಕಗಳಲ್ಲಿ ಏಣಿಯ ಮೇಲೆ ಸ್ವಂತ ಅತ್ತೆ ಇರುವುದಿಲ್ಲ, ಗೋಡೆಯೂ ಉದುರುವುದಿಲ್ಲ.

ಅತ್ತೆ ತುದಿ ತಲುಪಿ ಕುಂಚ ಒತ್ತಿದರು. ಕಡಲೆಪುರಿ ಚೀಲ ಹರಿದಂಥ ಸದ್ದು. ಮೊದಲು ಡಬ್ಬ ಬಿತ್ತು, ಹಿಂದೆಯೇ ಐದಾರು ಇಟ್ಟಿಗೆ. ಏಣಿ ಒಂದು ಮೊಳ ಪಕ್ಕಕ್ಕೆ ಜಾರಿ, ಚಿಮಣಿಗೆ ಬಿಗಿದಿದ್ದ ಕಬ್ಬಿಣದ ಪಟ್ಟಿಗೆ ಸಿಕ್ಕಿ ನಿಂತಿತು. ಅತ್ತೆ ಚಿಮಣಿಯನ್ನು ತಬ್ಬಿಕೊಂಡಿದ್ದರು. ಇದೆಲ್ಲ ನನಗೆ ಹಿತ್ತಿಲ ಗೇಟಿನ ಬಳಿಯಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಹೌದು, ಗೇಟಿನ ಬಳಿಯಿಂದ. ನಾನು ಯಾವಾಗ ಓಡಿದೆನೋ ನನ್ನ ಕಾಲುಗಳನ್ನೇ ಕೇಳಬೇಕು.

ಅತ್ತೆ ಒಂದೊಂದೇ ಮೆಟ್ಟಿಲು ತಡವಿ ಇಳಿದರು. ಅವರ ಪಾದ ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ನಾನು ಎರಡೂ ಕೈಗಳಿಂದ ಏಣಿ ಹಿಡಿದು, ಹುಟ್ಟಿದಾಗಿನಿಂದ ಅಲ್ಲೇ ಇದ್ದವನಂತೆ ನಿಂತಿದ್ದೆ. ಸದ್ದು ಕೇಳಿ ಓಡಿ ಬಂದ ಮೇಸ್ತ್ರಿ ನನ್ನನ್ನು ಮೆಚ್ಚಿಕೊಂಡ. "ನೀವಿದ್ದಿದ್ದಕ್ಕೆ ಅಮ್ಮ ಉಳಿದ್ರು ಸಾರ್."

"ಇವನು ಅಲುಗಾಡಲೇ ಇಲ್ಲ ಕಣಪ್ಪಾ," ಎಂದರು ಅತ್ತೆ. ಸಂಜೆಯೊಳಗೆ ನೆಂಟರಿಗೆಲ್ಲ ಫೋನಿನಲ್ಲಿ ಅದನ್ನೇ ಹೇಳಿದರು. ರಾಗಿಗುಡ್ಡದ ಚಿಕ್ಕಮ್ಮ ನನಗೆ ಶಾಲು ಹೊದಿಸುವ ಮಾತಾಡುತ್ತಿದ್ದಾರೆ.

ಆವತ್ತಿನಿಂದ ನನಗೆ ಸರಿಯಾಗಿ ಊಟ ಸೇರಲಿಲ್ಲ. ತರಗತಿಯಲ್ಲಿ ಸೀಮೆಸುಣ್ಣ ಬಿದ್ದರೂ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿರುತ್ತಿದ್ದೆ. ಆ ಏಣಿ ಒಂದೇ ಸಮನೆ ಕಣ್ಣೆದುರು ಜಾರುತ್ತಿತ್ತು. ಪಟ್ಟಿ ಇಲ್ಲದಿದ್ದರೆ?

ಕಳೆದ ಭಾನುವಾರ ಮತ್ತೆ ಹೋದೆ. ಮೇಸ್ತ್ರಿ ಬಿದಿರಿನ ಸಾರುವೆ ಕಟ್ಟಿ, ಮೇಲೆ ಕುಳಿತು ಬಣ್ಣ ಹೆರೆಯುತ್ತಿದ್ದ. ಕೆಂಪು, ನೀಲಿ, ಹಸಿರು ಚಕ್ಕೆಗಳು ಒಂದೊಂದಾಗಿ ಬೀಳುತ್ತಿದ್ದವು. ಇನ್ನು ಮುಂದೆ ಬರೀ ಸುಣ್ಣವಂತೆ, ಅತ್ತೆ ಒಪ್ಪಿಬಿಟ್ಟಿದ್ದರು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ಆವತ್ತು ನಾನು ಏಣಿ ಬಿಟ್ಟು ಓಡಿದ್ದೆ."

ಅತ್ತೆ ಚಿಮಣಿಯಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು ಕಣೋ. ಮೇಲಿಂದ ಎಲ್ಲ ಕಾಣುತ್ತೆ. ಇಟ್ಟಿಗೆ ನೀನು ನಿಂತಿದ್ದ ಜಾಗಕ್ಕೇ ಬಿತ್ತು. ಕೆಳಗೆ ನೋಡೋಕೇ ಆಗ್ಲಿಲ್ಲ ನಂಗೆ. ಆಮೇಲೆ ನೋಡಿದ್ರೆ ನೀನು ಗೇಟಿನ ಹತ್ರ ಇದ್ದೆ. ಅದಾದ್ಮೇಲೇ ನನ್ನ ಕೈಕಾಲು ಆಡಿದ್ದು, ಇಳಿಯೋಕೆ."