ಟೇಪು ಹಿಡಿದು ಮಾಡಿದ ಮನೆ ರಿಪೇರಿ

ಕೈಕಟ್ಟಿ ಕೂತವರ ಮನೆಯಲ್ಲಿ ನಗುವಂಥದ್ದು ಏನೂ ಆಗುವುದಿಲ್ಲ. ನಮ್ಮ ಮನೆಯಲ್ಲಿ ವಾರಕ್ಕೊಂದು ಆಗುತ್ತಿತ್ತು. ಯಾಕೆಂದರೆ ನಾನು ಕೈಕಟ್ಟಿ ಕೂತವನೇ ಅಲ್ಲ.

ರೋಣದ ಪೇಟೆಯಲ್ಲಿ ಅಂಗಿ ಹೊಲಿಯುವ ದರ್ಜಿ ನಾನು. ಐವತ್ತರ ದಶಕದಲ್ಲಿ, ಮದುವೆಯಾದ ಹೊಸದರಲ್ಲಿ, ಹಳೆಯದೊಂದು ಮಾಳಿಗೆ ಮನೆ ಕೊಂಡೆ. ಮಣ್ಣಿನ ಗೋಡೆ, ಮೇಲೆ ಸೂರಾಗಿ ಸಪಾಟು ಮಣ್ಣಿನ ಮಾಳಿಗೆ. ರಿಪೇರಿಯೆಲ್ಲ ನಾನೇ ಮಾಡುತ್ತೇನೆ, ಈ ಮನೆಯೊಳಗೆ ಗೋಡೆ ಕಟ್ಟುವ ಗೌಂಡಿ ಕಾಲಿಡುವ ಪ್ರಮೇಯವೇ ಇಲ್ಲ ಎಂದು ಹೆಂಡತಿಗೆ ಹೇಳಿಬಿಟ್ಟೆ. ಅಳತೆ ಬಲ್ಲವನಿಗೆ ಅಂಗಿಯಾದರೇನು, ಮನೆಯಾದರೇನು?

ಮೊದಲ ಮಳೆಗಾಲದಲ್ಲೇ ಮಾಳಿಗೆ ಸೋರಿತು. ಅದೂ ಎಲ್ಲಿ? ಸರಿಯಾಗಿ ಒಲೆಯ ಮೇಲೆ. ಉರಿ ಆರಿತು, ಮಣ್ಣಿನ ಒಲೆ ಕರಗಿ ಕುಸಿಯಿತು. ಹೆಂಡತಿ ಸೆರಗು ಬಿಗಿದು ಎದುರು ನಿಂತಳು.

"ಬರೂ ಬ್ಯಾಸಗಿ ಪೂರಾ ನಿಮಗ ಬಿಟ್ಟೇನಿ. ಬರೂ ವರ್ಷ ಮಿರಗದ ಮಳಿಗಿ ನನ್ನ ಒಲಿ ಮ್ಯಾಗ ಒಂದ ಹನಿ ಬಿದ್ರೂ, ಆಮ್ಯಾಗ ಈ ಮನ್ಯಾಗ ಒಂದ ಗೂಟ ಬಡಿಯಾಕೂ ಗೌಂಡೀನೇ ಬರಬೇಕು. ಕಬೂಲೇನ್ರಿ?"

"ಕಬೂಲ್" ಅಂದೆ. ಮಿರಗ, ಅಂದರೆ ಮೃಗಶಿರಾ ಮಳೆಗೆ ಇನ್ನೂ ಎಷ್ಟೋ ತಿಂಗಳಿತ್ತು. ಮನೆಯ ಯಜಮಾನಿಕೆಯನ್ನೇ ಪಣಕ್ಕಿಟ್ಟಂತಾಯಿತು. ಆದರೆ ಗೆಲ್ಲುವವನು ನಾನೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ಒಲೆಯ ಫಿಟ್ಟಿಂಗು

ಮೊದಲು ಹೊಸ ಒಲೆ. ಹಳೇ ಒಲೆಯ ಬಾಯಿಯ ಸುತ್ತ ಮಣ್ಣಿನ ಮೂರು ಗುಂಡುಗಳಿದ್ದವು. ಗಡಿಗೆ ಅವುಗಳ ಮೇಲೆ ಕೂರುತ್ತಿತ್ತು. ನಡುವೆ ಇಷ್ಟಿಷ್ಟು ಸಂದು. ಇದೆಂಥ ಒರಟು ಕೆಲಸ ಎನಿಸಿತು. ಗಡಿಗೆಯ ಹೊಟ್ಟೆಗೆ ಟೇಪು ಸುತ್ತಿ ಅಳತೆ ತೆಗೆದೆ. ಗುಂಡುಗಳನ್ನು ಬಿಟ್ಟು, ಎಲ್ಲೂ ಕೂದಲೆಳೆ ಸಂದಿಲ್ಲದಂತೆ ಒಲೆಯ ಬಾಯಿ ಕಟ್ಟಿದೆ. ಒಣಗಿದ ಮೇಲೆ ಗಡಿಗೆ ಇಟ್ಟರೆ, ನೋಡಬೇಕು ಆ ಫಿಟ್ಟಿಂಗು!

ಹೆಂಡತಿ ಉರಿ ಹಚ್ಚಿದಳು. ಮೇಲೆ ದಾರಿಯಿಲ್ಲದ ಹೊಗೆ ಮುಂದಿನಿಂದಲೇ ಹೊರಬಂದು ಇಬ್ಬರ ಮುಖಕ್ಕೂ ಹೊಡೆಯಿತು. ಉರಿ ಒಳಗೇ ಸತ್ತಿತು. ಅವಳು ಕೆಮ್ಮುತ್ತ ಕಣ್ಣೊರೆಸಿಕೊಂಡು ಹೇಳಿದಳು:

"ಒಲಿಗಿ ಕುಪ್ಪಸಾ ಹೊಲದೀರಿ, ಚಲೋನ ಆಗೈತಿ. ಆದ್ರ ಉಸರಾಡಾಕ ಜಾಗಾ ಬಿಡಬೇಕಿತ್ತಲ್ರಿ!"

ಅವಳೇ ಮೂರು ಮುದ್ದೆ ಮಣ್ಣು ಮೆತ್ತಿದಳು. ಒಲೆ ಭಗ್ಗನೆ ಹೊತ್ತಿತು. ಮಣ್ಣು ಕಲಸಿಕೊಟ್ಟದ್ದು ಮಾತ್ರ ನಾನೇ.

ರೊಟ್ಟಿಯ ಕಟಿಂಗು

ಬೇಸಿಗೆ ಕೊನೆಯಲ್ಲಿ ಹೆಂಡತಿ ಹೊಳೆಆಲೂರಿನ ತವರಿಗೆ ಹೊರಟಳು. "ರೊಟ್ಟಿ ಬಾಜೂಮನಿ ಅಜ್ಜೀನ್ನ ಕೇಳ್ರಿ" ಅಂದಳು. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಒಬ್ಬ ಮುದುಕಿ ಒಂಟಿಯಾಗಿದ್ದಳು. ನಾನು ಕೇಳುವುದೆಂದರೇನು? ಜೋಳದ ಹಿಟ್ಟಿದೆ, ನೀರಿದೆ, ಎರಡು ಕೈಗಳಿವೆ.

ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ತಣ್ಣೀರು ಹಾಕಿದೆ. ಬಡಿದಂತೆಲ್ಲ ಅಂಚು ಬಿರುಕು ಬಿಟ್ಟಿತು. ಅಂಚು ಕೆಟ್ಟರೆ ಏನು ಮಾಡಬೇಕೆಂಬುದು ಕಸುಬಿನವನಿಗೆ ಗೊತ್ತಿಲ್ಲವೇ? ತಾಟು ಬೋರಲಿಟ್ಟು ಚಾಕುವಿನಿಂದ ದುಂಡಗೆ ಕತ್ತರಿಸಿದೆ. ಎತ್ತುವಾಗ ನಡುವೆ ಹರಿಯಿತು. ಕತ್ತರಿಸಿದ ಚೂರುಗಳನ್ನೇ ನೀರು ಹಚ್ಚಿ ತೇಪೆ ಹಾಕಿದೆ.

ಸುಟ್ಟ ವಾಸನೆಗೆ ಅಜ್ಜಿ ಬಂದಳು. ಹಂಚಿನ ಮೇಲಿನದನ್ನು ಬಗ್ಗಿ ನೋಡಿ ಕೇಳಿದಳು:

"ತಮ್ಮಾ, ಇದನ್ನ ತಿಂತೀಯೋ, ಹೊಚಗೊಂಡ ಮಲಗತೀಯೋ? ನನಗ ತ್ಯಾಪಿ ಹಚ್ಚಿದ ಕೌದಿ ಕಂಡಂಗ ಕಾಣತೈತಿ."

ಅಂದಿನಿಂದ ನಮ್ಮ ಒಲೆ ಹೊತ್ತಿಸಲಿಲ್ಲ. ಹೊತ್ತು ಹೊತ್ತಿಗೆ ಅಜ್ಜಿಯ ರೊಟ್ಟಿ ಬಂತು.

ಮಾಳಿಗೆಯ ಮೇಲೆ

ಇನ್ನು ಉಳಿದದ್ದು ನಿಜವಾದ ಕೆಲಸ. ಮಾಳಿಗೆಗೆ ಸವಳು ಮಣ್ಣು ಹರಡಿ, ನೀರು ಚಿಮುಕಿಸಿ, ತುಳಿದು, ಹಲಗೆಯಿಂದ ಬಡಿದರೆ ಮಳೆ ಒಳಗಿಳಿಯುವುದಿಲ್ಲ. ಇಡೀ ಮಾಳಿಗೆಗೇಕೆ ಹಾಕಬೇಕು? ಸೋರುವಲ್ಲಿ ಹಾಕಿದರೆ ಸಾಕು. ಕೆಳಗೆ ಅಡುಗೆಮನೆಯ ಮಾಳಿಗೆಯಲ್ಲಿದ್ದ ಬೆಳಕಿಂಡಿಯಿಂದ ಒಲೆಯ ಮೇಲಿನವರೆಗೆ ಟೇಪು ಹಿಡಿದೆ. ಹಿತ್ತಲ ಕಡೆಗೆ ಸರಿಯಾಗಿ ಎಂಟು ಅಡಿ.

ಏಣಿ ಹತ್ತಿದೆ. ನಮ್ಮ ಓಣಿಯ ಮಾಳಿಗೆಗಳೆಲ್ಲ ಒಂದಕ್ಕೊಂದು ಕೂಡಿ, ಒಂದೇ ಹೊಲದಂತೆ ಹರಡಿದ್ದವು. ಬೆಳಕಿಂಡಿಗಳೂ ಹಲವು. ಒಂದರಿಂದ ಹೊಗೆ ಏಳುತ್ತಿತ್ತು. ಹೊಗೆ ಬಂದಲ್ಲಿ ಅಡುಗೆಮನೆ! ಅಲ್ಲಿಂದ ಎಂಟು ಅಡಿ ಅಳೆದು ಗೆರೆ ಹಾಕಿದೆ. ಮೂರು ದಿನ ಮಣ್ಣು ಹೊತ್ತೆ, ತುಳಿದೆ, ಬಡಿದೆ. ಅಜ್ಜಿ ದಿನಾ ಏಣಿಯ ಬುಡಕ್ಕೆ ತಂಬಿಗೆ ಮಜ್ಜಿಗೆ ತರುತ್ತಿದ್ದಳು.

"ಭಾಳ ಪುಣ್ಯಾ ಬರತೈತಿ ಯಪ್ಪಾ ನಿನಗ."

"ಇದರಾಗೆಂಥಾ ಪುಣ್ಯಾ ಬಿಡಬೇ ಯಮ್ಮಾ. ಮನಿ ಅಂದಮ್ಯಾಲೆ ಮಾಡಬೇಕು."

ಅಜ್ಜಿ ಕಣ್ಣೊರೆಸಿಕೊಂಡಳು. ಇಂಥ ದುಡಿಯುವ ಗಂಡಸನ್ನು ಈಕೆ ಕಂಡಿಲ್ಲವೇನೋ ಅಂದುಕೊಂಡೆ.

ಮಿರಗದ ಮಳೆ

ಹೆಂಡತಿ ತವರಿನಿಂದ ಬಂದ ಎರಡನೇ ಸಂಜೆ ಮಿರಗ ಧೋ ಎಂದು ಸುರಿಯಿತು. ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಗೋಡೆಗೊರಗಿ ಮೀಸೆ ತಿರುವುತ್ತ ಕೂತಿದ್ದೆ. ಹಂಚಿನ ಮೇಲೆ ಚೊಂಯ್ ಎಂದಿತು. ಒಂದು ಹನಿ. ಚೊಂಯ್, ಚೊಂಯ್. ಆಮೇಲೆ ಧಾರೆ. ಉರಿ ಆರಿತು. ಹೆಂಡತಿ ಮೇಲೆ ನೋಡಲಿಲ್ಲ. ನನ್ನನ್ನೇ ನೋಡಿದಳು.

"ಹೊಸಾ ಮಣ್ಣು. ಒಂದ ಸಲ ತುಳದ್ರ ಕುಂದರತೈತಿ" ಎಂದವನೇ ಗೋಣಿಚೀಲ ಹೊದ್ದು ಏಣಿ ಹತ್ತಿದೆ. ನಾನು ಬಡಿದ ಜಾಗ ಗಟ್ಟಿಯಾಗಿತ್ತು, ನೀರು ಮೇಲಿಂದಲೇ ಜಾರಿ ಹೋಗುತ್ತಿತ್ತು. ಆದರೂ ಬಲವಾಗಿ ತುಳಿದೆ. ಬೆಳಕಿಂಡಿಗೆ ಮುಚ್ಚಿದ್ದ ತಗಡನ್ನು ತುಸು ಸರಿಸಿ, ಹೆಂಡತಿಗೆ ಕೇಳಲೆಂದು ಕೂಗಿದೆ:

"ಈಗ ಸೋರಾಕತ್ತೈತೇನ?"

ಕೆಳಗೆ ಬೆಚ್ಚಗೆ ಉರಿಯುತ್ತಿದ್ದ ಒಲೆಯ ಮುಂದಿನಿಂದ ಅಜ್ಜಿ ಮುಖವೆತ್ತಿದಳು.

"ಇಲ್ಲಪಾ ಯಪ್ಪಾ! ಒಂದ ಹನೀನೂ ಇಲ್ಲ! ಮಳ್ಯಾಗೂ ನೋಡಾಕ ಬಂದ್ಯಲ್ಲೋ ನನ್ನ ಬಂಗಾರಾ!"

ಹೆಂಡತಿ ತವರಲ್ಲಿದ್ದಾಗ ನಮ್ಮ ಒಲೆ ಹೊತ್ತಿರಲೇ ಇಲ್ಲ. ಆ ಹೊಗೆ ಯಾರದೆಂದು ಕೇಳಿಕೊಳ್ಳುವ ಬುದ್ಧಿ ಮಿರಗದ ನೀರು ನೆತ್ತಿಗೆ ಬಿದ್ದ ಮೇಲೆ ಬಂತು. ನಾಚಿಕೆಯಾಯಿತು, ಹೌದು. ಆದರೆ ಸುಳ್ಳೇಕೆ ಹೇಳಲಿ, ನನ್ನ ಕೆಲಸ ಒಂದು ಹನಿಯನ್ನೂ ಬಿಡಲಿಲ್ಲವೆಂದು ಎದೆ ಉಬ್ಬಿತು.

ಇಳಿದು ಬಂದು ಹೆಂಡತಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅಷ್ಟರಲ್ಲಿ ಅಜ್ಜಿಯೇ ಸೆರಗಿನಡಿ ಬಿಸಿ ರೊಟ್ಟಿ ಮುಚ್ಚಿಕೊಂಡು ಬಾಗಿಲಿಗೆ ಬಂದಳು.

"ಹೊಟ್ಟ್ಯಾಗ ಹುಟ್ಟಿದಾಂವನೂ ಇಷ್ಟ ಮಾಡತಿದ್ದಿಲ್ಲವ್ವಾ. ಬರೂ ವರ್ಷನೂ ನನ್ನ ಮಾಳಗಿಗಿ ಇವನೇ ಮಣ್ಣ ಹಾಕಲಿ."

ಹೆಂಡತಿ ಆರಿದ ಒಲೆಯ ಮೇಲೆ ಕೊಪ್ಪರಿಗೆ ಇಟ್ಟು, ಬೀಳುವ ನೀರು ಹಿಡಿಯುತ್ತ, ನನಗಷ್ಟೇ ಕೇಳುವಂತೆ ಅಂದಳು:

"ನಾಳೆ ಗೌಂಡಿಗಿ ಹೇಳಿ ಕಳಸ್ರಿ. ಅಜ್ಜಿಗೂ ಹೂಂ ಅನ್ರಿ. ಬರೂ ವರ್ಷ ಅಜ್ಜಿ ಮಾಳಗಿಗಿ ಅಂತ ಹತ್ರಿ, ಅವಾಗರ ಅಳತಿ ತಪ್ಪಿ ನಮ್ಮದು ಸೋರೂದು ನಿಂತೀತು."