ಕೆಳಮನೆಯ ಮೀನುತೊಟ್ಟಿ, ನನ್ನ ಹೊಟ್ಟೆಯ ಕಿಚ್ಚು

ನಮ್ಮ ಮನೆಗೆ ಹೊಸ ಯಂತ್ರ ಬಂದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ತಪ್ಪು ಯಂತ್ರದ್ದಲ್ಲ, ನನ್ನ ಹೊಟ್ಟೆಕಿಚ್ಚಿನದು. ಇದನ್ನು ನಾನೇ ಮೊದಲು ಒಪ್ಪಿಕೊಂಡುಬಿಡುತ್ತೇನೆ. ನನ್ನ ಹೆಂಡತಿ ಹೇಳಲು ಶುರುಮಾಡಿದರೆ ಕಥೆ ಇನ್ನೂ ಉದ್ದವಾಗುತ್ತದೆ.

ನಾನು ತಮಿಳುನಾಡಿನ ಗಡಿಯ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಸೆಕ್ಷನ್ನಿನವನು. ಮೋಟರು, ಸೆನ್ಸರು, ರಿಲೇ ಇವೇ ನನಗೆ ಅನ್ನ ಹಾಕುವುದು. ನಾವಿರುವುದು ಮೊದಲ ಮಹಡಿ. ಕೆಳಗಿನ ಮನೆಯಲ್ಲಿ ಇನ್ನೊಂದು ಕಾರ್ಖಾನೆಯ ಕ್ವಾಲಿಟಿ ಇನ್ಸ್‌ಪೆಕ್ಟರ್ ಇದ್ದಾರೆ, ಮೈಸೂರು ಕಡೆಯವರು. ಬೀದಿಯವರೆಲ್ಲ ಅವರನ್ನು ಕ್ವಾಲಿಟಿ ಸಾರ್ ಅನ್ನುತ್ತಾರೆ. ನನ್ನನ್ನು ಯಾರೂ ಮೆಂಟೆನೆನ್ಸ್ ಸಾರ್ ಅನ್ನುವುದಿಲ್ಲ. ಅಲ್ಲಿಂದಲೇ ಶುರು ಅಂತ ಇಟ್ಟುಕೊಳ್ಳಿ.

ಒಂದಡಿ ಹೆಚ್ಚು

ಕ್ವಾಲಿಟಿ ಸಾರ್ ಮನೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ ಇದೆ. ಸಿಹಿನೀರಿನದಲ್ಲ, ಸಮುದ್ರದ್ದು. ಒಳಗೆ ಜೀವ ಇರುವ ಹವಳ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಮೀನು. ಅವರದು ಹೆಚ್ಚಾಗಿ ಸೆಕೆಂಡ್ ಶಿಫ್ಟು, ಮಧ್ಯಾಹ್ನ ಹೋಗುತ್ತಾರೆ. ಬೆಳಿಗ್ಗೆಯೆಲ್ಲ ಆ ತೊಟ್ಟಿಯ ಮುಂದೆಯೇ ಇರುತ್ತಾರೆ.

ಅದು ಅವರ ಹಣೆಬರಹ ಅಂತ ನಾನು ಸುಮ್ಮನಿರುತ್ತಿದ್ದೆ. ಆದರೆ ನಮ್ಮವ್ವನೂ ಅದರ ಮುಂದೆ ಹೋಗಿ ಕೂತಳು. ಅವ್ವ ಕಾಡಂಚಿನ ನಾಟ್ರಾಂಪಾಳ್ಯದವಳು. ಕಾಡು ನೋಡಿದ್ದಾಳೆ, ಆನೆ ನೋಡಿದ್ದಾಳೆ, ಸಮುದ್ರ ಮಾತ್ರ ನೋಡಿಲ್ಲ. ನಮ್ಮ ಜೊತೆ ಹೊಸೂರಿಗೆ ಬಂದ ಮೇಲೆ ಶಿಫ್ಟು, ಹಾಜರಿಯ ಪಂಚಿಂಗು, ಡಬಲ್ ಕೂಲಿಯ ಓವರ್‌ಟೈಮು ಅಂದರೆ ಓಟಿ, ಎಲ್ಲ ಅವಳ ಬಾಯಿಗೂ ಬಂದಿದೆ; ಹಾಲಿನವಳು ತಡ ಮಾಡಿದರೆ "ಏನಮ್ಮಿ, ಇವತ್ತು ಲೇಟ್ ಪಂಚು" ಅನ್ನುತ್ತಾಳೆ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಕೆಳಗಿಳಿದರೆ ಅವರ ಮನೆಯ ಕಾಫಿ ಕುಡಿದು, ಮಧ್ಯಾಹ್ನಕ್ಕೆ ವಾಪಸು. ಆಮೇಲೆ ಊಟಕ್ಕೆ ಕೂತಾಗ ಬರೀ ಅದೇ ಮಾತು. ಆ ಮೀನು ಹಂಗೆ ತಿರುಗ್ತು, ಆ ಹವಳ ಹಿಂಗೆ ಬಾಯಿ ಬಿಡ್ತು. ನಾನು ಅವಳಿಗೆಂದೇ ದೊಡ್ಡ ಟಿವಿ ತಂದಾಗ ಅವಳು ಹೇಳಿದ್ದು, "ಧೂಳು ಒರೆಸೋಕೆ ಇನ್ನೊಂದು ಆಯ್ತು" ಅಂತ ಅಷ್ಟೇ.

ನಾನು ನಾಲ್ಕಡಿ ತೊಟ್ಟಿ ತಂದೆ. ಅವ್ವ ನನ್ನ ತೊಟ್ಟಿ ಮುಂದೆ ಕೂತು ಒಂದು ಸಲ "ಅವರ್ದಕ್ಕಿಂತ ಚೆನ್ನಾಗೈತೆ ಕಣ್ಲಾ" ಅನ್ನಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಆದರೆ ಸಮುದ್ರದ ತೊಟ್ಟಿಗೆ ಒಂದು ಕ್ರಮ ಇದೆ. ನೀರು ಹದಕ್ಕೆ ಬರುವ ತನಕ, ಅಂದರೆ ವಾರಗಟ್ಟಲೆ, ಮೀನು ಬಿಡುವ ಹಾಗಿಲ್ಲ. ಬರೀ ಕಲ್ಲು, ಬರೀ ಉಪ್ಪುನೀರು. ನಾನು ದಿನಾ ಗಾಜು ಒರೆಸಿ, ಲೈಟು ಹಾಕಿ, ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. ರಾಯಕೋಟೆಯಿಂದ ಬಂದ ನಮ್ಮ ಮಾವನವರು ಸ್ವಲ್ಪ ಹೊತ್ತು ನೋಡಿ, ಏನಿದು ಅಂತ ಅವ್ವನನ್ನು ಕೇಳಿದರು.

ಅವ್ವ ಅಂದಳು: "ಕೊಟ್ಟಿಗೆ ಕಟ್ಟವ್ನೆ, ದಿನಾ ಗುಡಿಸ್ತಾನೂ ಅವ್ನೆ. ಹಸ ಇನ್ನೂ ಬಂದಿಲ್ಲ."

ಬೆರಳು ಮತ್ತು ಮೀಟರು

ಮೀನು ಬಂತು, ಹವಳವೂ ಬಂತು. ಅವ್ವ ಒಂದು ಸಲ ನೋಡಿ, "ಪರವಾಗಿಲ್ಲ" ಅಂದು ಕೆಳಗೆ ಹೋದಳು.

ನನಗೆ ಉರಿದುಹೋಯಿತು. ಕ್ವಾಲಿಟಿ ಸಾರ್ ಎಲ್ಲವನ್ನೂ ಕೈಯಲ್ಲಿ ಮಾಡುತ್ತಾರೆ. ನಾನು ಮೆಂಟೆನೆನ್ಸ್‌ನವನು, ಕೈಯಲ್ಲಿ ಮಾಡಿದರೆ ಮರ್ಯಾದೆ ಏನು? ಎಲ್ಲಕ್ಕೂ ಯಂತ್ರ ಕೂರಿಸಿದೆ. ತೊಟ್ಟಿಯ ಕೆಳಗಿನ ಬೀರುವಿನಲ್ಲಿ ಇನ್ನೊಂದು ಸಣ್ಣ ತೊಟ್ಟಿ, ಪಂಪು, ಹೀಟರು. ನೀರು ಆವಿಯಾಗಿ ಇಳಿದರೆ ಸೆನ್ಸರ್ ನೋಡಿಕೊಂಡು ಪಕ್ಕದ ಡ್ರಮ್ಮಿನಿಂದ ಸಿಹಿನೀರು ತುಂಬಿಸುತ್ತದೆ. ಲೈಟಿಗೆ ಟೈಮರು, ಮೀನಿಗೆ ತಾನೇ ತಿರುಗಿ ಊಟ ಉದುರಿಸುವ ಡಬ್ಬಿ, ಉಪ್ಪು ಅಳೆಯಲು ಡಿಜಿಟಲ್ ಮೀಟರು, ನೆಲ ಒದ್ದೆಯಾದರೆ ಕೂಗುವ ಇನ್ನೊಂದು ಸೆನ್ಸರು. ಎಲ್ಲವೂ ನನ್ನ ಫೋನಿಗೆ ವರದಿ ಕೊಡುತ್ತವೆ. ಮನೆಯವರಿಗೆ ಇದ್ದದ್ದು ಒಂದೇ ರೂಲು: ಯಾರೂ ಏನನ್ನೂ ಮುಟ್ಟಬಾರದು.

ಒಂದು ದಿನ ನಾನು ಹಲ್ಲುಜ್ಜುತ್ತಿರುವಾಗ ಅವ್ವ ತೊಟ್ಟಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು.

"ಉಪ್ಪು ಕಮ್ಮಿ ಆಗೈತೆ ಕಣ್ಲಾ."

"ಅವ್ವಾ, ಮುಟ್ಬೇಡ ಅಂದಿಲ್ವಾ? ಮೀಟರ್ ನೋಡು, ಸರಿಯಾಗೇ ತೋರಿಸ್ತೈತೆ."

"ನಿನ್ನ ಮೀಟರ್ ಎಷ್ಟು ವರ್ಷದಿಂದ ಉಪ್ಪಿನಕಾಯಿ ಹಾಕ್ತೈತೆ?"

ಮೂರು ದಿನದ ಮೇಲೆ ಹವಳ ಮುದುಡಿಕೊಂಡಿತು. ಬೇರೆ ದಾರಿ ಇಲ್ಲದೆ, ಉಪ್ಪು ಅಳೆಯುವ ಕೊಳವೆ ಕೇಳಲು ಕ್ವಾಲಿಟಿ ಸಾರ್ ಬಾಗಿಲು ತಟ್ಟಿದೆ. ಅವರು ಬಂದು ಒಂದು ಹನಿ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಉಪ್ಪು ನಿಜವಾಗಿಯೂ ಕಡಿಮೆ ಅಂದರು. ನನ್ನ ಮೀಟರಿನ ತುದಿಗೆ ಪಾಚಿ ಕಟ್ಟಿತ್ತು.

"ನಮ್ಮವ್ವನೂ ಹಂಗೇ ಅಂದಿದ್ರು" ಅಂದೆ, ಒಲ್ಲದ ಮನಸ್ಸಿನಿಂದ.

"ಅಮ್ಮ ಹೇಳಿದ್ಮೇಲೆ ಮೀಟರ್ ಯಾಕ್ರೀ ಬೇಕು?" ಅಂದರು ಅವರು. "ನಮ್ಮನೇಲಿ ಫಸ್ಟ್ ಇನ್ಸ್‌ಪೆಕ್ಷನ್ ಅಮ್ಮಂದೇ. ನಂದೇನಿದ್ರೂ ಸೀಲು ಒತ್ತೋದು ಅಷ್ಟೇ."

ಹಿಟ್ಟು

ಫೋನಿಗೆ ಬರುವ ಅಲಾರಂಗೆ ನಾನು ಫ್ಯಾಕ್ಟರಿ ಸೈರನ್ನಿನ ಸದ್ದನ್ನೇ ಹಾಕಿಕೊಂಡಿದ್ದೆ. ಜೊತೆಯವರು ಏನದು ಅಂತ ಕೇಳಲಿ, ನಾನು ವಿವರಿಸೋಣ ಅಂತ.

ಅದು ಕೂಗಿದ್ದು ಡಿಸೆಂಬರಿನ ಒಂದು ಬೆಳಿಗ್ಗೆ, ಲೈನು ಓಡುತ್ತಿರುವಾಗ. ಪಕ್ಕದ ನಾಲ್ಕು ಜನ ಕೈಯಲ್ಲಿದ್ದದ್ದನ್ನು ಬಿಟ್ಟು ಬೆಂಕಿ ಬಿದ್ದಾಗ ನಿಲ್ಲುವ ಜಾಗಕ್ಕೆ ಓಡಿದರು. ಅವರನ್ನು ನೋಡಿ ಇನ್ನೂ ಹತ್ತು ಜನ ಓಡಿದರು. ನನ್ನ ಫೋನಿನಲ್ಲಿ 'ನೆಲದಲ್ಲಿ ನೀರು' ಅಂತ ಬಂದಿತ್ತು. ಸೂಪರ್‌ವೈಸರ್ ಕೈಕಾಲು ಹಿಡಿದು, ಗಾಡಿ ಹತ್ತಿ ಮನೆಗೆ ಹಾರಿದೆ.

ಬೀರುವಿನ ಬಾಗಿಲು ತೆಗೆದರೆ ಒಳಗೆ ದೊಡ್ಡ ಪಾತ್ರೆ. ಪಾತ್ರೆಯಿಂದ ದೋಸೆ ಹಿಟ್ಟು ಉಕ್ಕಿ, ಇಳಿದು, ನೆಲದ ಸೆನ್ಸರ್ ಮೇಲೆ ಹೋಗಿ ಕೂತಿತ್ತು. ಹೊಸೂರಿನ ಚಳಿಗೆ ಹಿಟ್ಟು ಹುಳಿ ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಮಾತು. ಹೀಟರು ಪಂಪು ಇರುವ ಬೀರು ಬೆಚ್ಚಗಿರುತ್ತದೆ ಅಂತ ನನ್ನ ಹೆಂಡತಿ ಕಂಡುಕೊಂಡಿದ್ದಳು.

"ಮುಟ್ಬೇಡಿ ಅಂದಿದ್ನಲ್ಲೇ" ಅಂದೆ.

"ನಾನೇನು ಮುಟ್ಟಿಲ್ಲ, ಪಕ್ಕದಲ್ಲಿ ಇಟ್ಟೆ ಅಷ್ಟೇ. ಬಯ್ಯೋದಾದ್ರೆ ಹಿಟ್ಟಿಗೆ ಬಯ್ರಿ."

ವಾಪಸು ಹೋದಾಗ ಏನಾಯಿತು ಅಂತ ಸೂಪರ್‌ವೈಸರ್ ತಮಿಳಲ್ಲಿ ಕೇಳಿದರು, "ಎನ್ನಪ್ಪಾ ಆಚ್ಚು?" ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಮಾವು ಪೊಂಗಿಡ್ಚು ಸಾರ್" ಅಂದೆ, ಹಿಟ್ಟು ಉಕ್ಕಿತು ಅಂತ. ಅವತ್ತಿನಿಂದ ನನ್ನ ಫೋನು ಏನೇ ಸದ್ದು ಮಾಡಿದರೂ ಇಡೀ ಸೆಕ್ಷನ್ನು "ಹೋಗಪ್ಪಾ, ದೋಸೆ ಹುಯ್ಯಿ" ಅನ್ನುತ್ತದೆ.

ಕರೆಂಟು ಹೋದ ದಿನ

ತಿಂಗಳಿಗೊಂದು ದಿನ ನಮ್ಮ ಕಡೆ ರಿಪೇರಿಗೆ ಅಂತ ಬೆಳಿಗ್ಗೆಯಿಂದ ಸಾಯಂಕಾಲದ ತನಕ ಕರೆಂಟು ತೆಗೆಯುತ್ತಾರೆ. ಸಮುದ್ರದ ತೊಟ್ಟಿಗೆ ಇದು ಗಂಡಾಂತರ. ಪಂಪು ನಿಂತರೆ ನೀರಿಗೆ ಗಾಳಿ ಸೇರುವುದಿಲ್ಲ, ಮೀನು ಉಸಿರುಗಟ್ಟುತ್ತದೆ. ನಾನು ಇದಕ್ಕೂ ಕಾದುಕೊಂಡಿದ್ದೆ. ಎರಡು ಬ್ಯಾಟರಿ ಕೂರಿಸಿದ್ದೆ.

ಅವತ್ತು ನನ್ನ ವಾರದ ರಜೆ. ಒಂಬತ್ತಕ್ಕೆ ಕರೆಂಟು ಹೋಯಿತು, ನನ್ನ ಪಂಪು ನಿಲ್ಲಲಿಲ್ಲ. ಒಂದು ಗಂಟೆ ಬಿಟ್ಟು, ಮುಖದಲ್ಲಿ ಮರುಕ ತಂದುಕೊಂಡು ಕೆಳಗಿಳಿದೆ. ಕ್ವಾಲಿಟಿ ಸಾರ್ ತಲೆ ಮೇಲೆ ಕೈ ಹೊತ್ತು ಕೂತಿರುತ್ತಾರೆ, "ಅಯ್ಯೋ ಪಾಪ, ನಮ್ಮನೇಲಿ ಬ್ಯಾಟರಿ ಐತೆ ಸಾರ್" ಅನ್ನೋಣ ಅಂತ ಮೆಟ್ಟಿಲಲ್ಲೇ ಮಾತು ಜೋಡಿಸಿಕೊಂಡಿದ್ದೆ.

ಹೋಗಿ ನೋಡಿದರೆ ಅರ್ಧ ಬೀದಿ ಅಲ್ಲಿದೆ. ಕರೆಂಟಿಲ್ಲದೆ ಯಾರಿಗೂ ಕೆಲಸವಿಲ್ಲ. ಒಬ್ಬರಾದ ಮೇಲೆ ಒಬ್ಬರು ಚೊಂಬಿನಲ್ಲಿ ತೊಟ್ಟಿಯ ನೀರು ಮೊಗೆದು ಎತ್ತರದಿಂದ ಸುರಿಯುತ್ತಿದ್ದಾರೆ, ನೀರಿಗೆ ಗಾಳಿ ಸೇರಲಿ ಅಂತ. ನಮ್ಮವ್ವ ಕುರ್ಚಿಯಲ್ಲಿ ಕೂತು ಎಣಿಸುತ್ತಿದ್ದಾಳೆ. ಐವತ್ತಾದರೆ ಆಳು ಬದಲು. ತಮಿಳಿನವರು ತಮಿಳಲ್ಲಿ, ತೆಲುಗಿನವರು ತೆಲುಗಲ್ಲಿ ಚೇಷ್ಟೆ ಮಾಡುತ್ತಿದ್ದಾರೆ. ನನ್ನ ಹೆಂಡತಿ ಅಲ್ಲೇ ಬೋಂಡ ಕರಿಯುತ್ತಿದ್ದಾಳೆ. ನನ್ನನ್ನು ನೋಡಿ ಯಾರೋ "ಬನ್ನಿ, ನಿಮ್ಮ ಐವತ್ತು ಬಾಕಿ" ಅಂದರು.

ಮೇಲೆ ನನ್ನ ಯಂತ್ರಗಳು ಒಂದೂ ತಪ್ಪಿಲ್ಲದೆ ತಮ್ಮ ಪಾಡಿಗೆ ತಾವೇ ಓಡುತ್ತಿದ್ದವು. ಕರೆಂಟು ಹೋದ ಮನೆಯನ್ನು ನೋಡಿ ಹೊಟ್ಟೆಕಿಚ್ಚು ಪಟ್ಟವನು ಈ ಭೂಮಿ ಮೇಲೆ ನಾನೊಬ್ಬನೇ ಇರಬೇಕು.

ಆಯುಧಪೂಜೆ

ಹೊಸೂರಿನಲ್ಲಿ ಆಯುಧಪೂಜೆ ಅಂದರೆ ಬೇರೆ ಹಬ್ಬಗಳೆಲ್ಲ ಪಕ್ಕಕ್ಕೆ. ಫ್ಯಾಕ್ಟರಿಯಲ್ಲಿ ಪ್ರತಿ ಯಂತ್ರವನ್ನೂ ಒರೆಸಿ, ಗಂಧ ಕುಂಕುಮ ಇಟ್ಟು, ಹೂವು ಹಾಕಿ, ಬೂದುಗುಂಬಳ ಒಡೆಯುತ್ತೇವೆ. ಅವತ್ತು ಹೊರಡುವಾಗ ಅವ್ವ ಕೇಳಿದಳು: "ಮನೇಲಿರೋ ನಿನ್ನ ಮಿಷಿನ್‌ಗಳಿಗೆ ಪೂಜೆ ಬ್ಯಾಡ್ವಾ?"

ನನ್ನ ಎದೆ ಅರಳಿತು. ಇಷ್ಟು ದಿನದಲ್ಲಿ ಅವಳು ನನ್ನ ತೊಟ್ಟಿಯ ಬಗ್ಗೆ ತಾನಾಗಿ ಕೇಳಿದ್ದು ಅದೇ ಮೊದಲು. "ಮಾಡವ್ವ, ಚೆನ್ನಾಗಿ ಮಾಡು" ಅಂದೆ. ಮುಟ್ಟಬೇಡ ಅನ್ನುವುದನ್ನು ಮರೆತೆ.

ಫ್ಯಾಕ್ಟರಿಯಲ್ಲಿ ಮಂಗಳಾರತಿ ನಡೆಯುತ್ತಿರುವಾಗ ಫೋನು ಕೂಗಿತು. 'ನೆಲದಲ್ಲಿ ನೀರು.' ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ಹಬ್ಬದ ದಿನ, ಹೆಂಡತಿ ಎರಡು ಪಾತ್ರೆ ಹಿಟ್ಟು ಇಟ್ಟಿರಬೇಕು ಅಂದುಕೊಂಡು ಸದ್ದು ಅಡಗಿಸಿದೆ. ಮತ್ತೆ ಕೂಗಿತು, ಮತ್ತೆ ಅಡಗಿಸಿದೆ. ಐದನೇ ಸಲಕ್ಕೆ ಫೋನನ್ನೇ ಆಫ್ ಮಾಡಿ, ಪುರಿ ಕಡಲೆ ಪೊಟ್ಟಣ, ಸಿಹಿ ಡಬ್ಬಿ ಇಸಕೊಂಡು ಆರಾಮವಾಗಿ ಮನೆಗೆ ಬಂದೆ.

ಮೆಟ್ಟಿಲ ಮೇಲೆ ನೀರು ಇಳಿದು ಬರುತ್ತಿತ್ತು.

ಅವ್ವ ಪೂಜೆ ಚೆನ್ನಾಗಿಯೇ ಮಾಡಿ, ನನ್ನ ಹೆಂಡತಿಯನ್ನೂ ಕರೆದುಕೊಂಡು ಕೆಳಮನೆಯ ಪೂಜೆಗೆ ಹೋಗಿದ್ದಳು. ನೀರಿನ ಮಟ್ಟ ನೋಡುವ ಸೆನ್ಸರಿಗೆ ಸರಿಯಾಗಿ ನಡುಮಧ್ಯೆ ಗಂಧ ಬಳಿದು ಕುಂಕುಮ ಇಟ್ಟಿದ್ದಳು. ಅದಕ್ಕೆ ನೀರು ಕಾಣಲಿಲ್ಲ. ಕಾಣಲಿಲ್ಲ ಅಂತ ಪಂಪು ಡ್ರಮ್ಮಿನ ಸಿಹಿನೀರನ್ನೆಲ್ಲ ಎತ್ತಿ ಸುರಿದಿತ್ತು. ಮೆಂಟೆನೆನ್ಸ್‌ನವನು ಒಂದನ್ನೇ ನಂಬುವುದಿಲ್ಲ; ನೀರು ಮೇಲೆ ಬಂದರೆ ತಾನೂ ಮೇಲೆದ್ದು ಪಂಪು ನಿಲ್ಲಿಸುವ ತೇಲುಬುರುಡೆ ಒಂದನ್ನು ಜೊತೆಗೆ ಹಾಕಿದ್ದೆ. ಅವ್ವ ಅದಕ್ಕೂ ಪಕ್ಷಪಾತ ಮಾಡಿರಲಿಲ್ಲ. ಒಂದು ಮೊಳ ಸೇವಂತಿಗೆಯನ್ನು ಬಿಗಿಯಾಗಿ ಸುತ್ತಿ, ಅದು ಜಾರುವ ಕಂಬಿಗೆ ಸೇರಿಸಿ ಕಟ್ಟಿದ್ದಳು; ಬುರುಡೆ ಮೇಲೇಳಲೇ ಇಲ್ಲ. ಮೀನಿನ ಊಟದ ಡಬ್ಬಿಯಲ್ಲಿ ಒಂದು ಹಿಡಿ ಪುರಿ. ಅದು ಹೊತ್ತಿಗೆ ಸರಿಯಾಗಿ ತಿರುಗಿ ಪ್ರಸಾದ ಉದುರಿಸಿತ್ತು.

ಒಳಗೆ ಕ್ವಾಲಿಟಿ ಸಾರ್ ಪ್ಯಾಂಟು ಮಂಡಿಗೆ ಮಡಚಿಕೊಂಡು ನಿಂತಿದ್ದರು. ಅವರ ಮನೆಯ ಸೂರಿನಿಂದ ನೀರು ತೊಟ್ಟಿಕ್ಕಿದ್ದಕ್ಕೆ ಓಡಿಬಂದು ಪಂಪು ನಿಲ್ಲಿಸಿದ್ದರು. ಸಿಹಿನೀರು ಸೇರಿ ನನ್ನ ತೊಟ್ಟಿಯ ಉಪ್ಪೆಲ್ಲ ಇಳಿದುಹೋಗಿತ್ತು. ಅವರು ತಮ್ಮ ಮನೆಯಲ್ಲಿ ಯಾವಾಗಲೂ ಕಲಸಿ ಇಡುವ ಉಪ್ಪುನೀರಿನ ಡ್ರಮ್ಮನ್ನು ಹೊತ್ತು ತಂದು, ಚೊಂಬು ಚೊಂಬಾಗಿ ಸೇರಿಸುತ್ತಿದ್ದರು. ಪಕ್ಕದಲ್ಲಿ ಅವ್ವ ಬೆರಳು ನೆಕ್ಕಿ ನೆಕ್ಕಿ ಹೇಳುತ್ತಿದ್ದಳು:

"ಇನ್ನೊಂದು ಚೊಂಬು. ತಾಳಿ, ಮೆತ್ತಗೆ. ಹಾಂ, ಇನ್ನರ್ಧ."

ಮೀನು ಉಳಿದವು. ಸಂತೋಷಪಡುವುದು ಬಿಟ್ಟು ನಾನು ಬಾಗಿಲಲ್ಲಿ ಸಿಹಿ ಡಬ್ಬಿ ಹಿಡಿದು ಉರಿಯುತ್ತಾ ನಿಂತಿದ್ದೆ. ನನ್ನ ಮನೆ, ನನ್ನ ತೊಟ್ಟಿ, ನನ್ನ ಅವ್ವ, ಅಲ್ಲೂ ಅವರದೇ ಚೊಂಬು.

ಕ್ವಾಲಿಟಿ ಸಾರ್ ಕೆಳಗೆ ಹೋದ ಮೇಲೆ, ನೆಲ ಒರೆಸುತ್ತಾ, ಕೇಳಿಯೇಬಿಟ್ಟೆ.

"ಅವ್ವಾ, ನಿಜ ಹೇಳು. ದಿನಾ ಅವರ ತೊಟ್ಟಿ ಮುಂದೆ ಹೋಗಿ ಕೂತ್ಕತೀಯ. ನಂದು ಅದಕ್ಕಿಂತ ಒಂದಡಿ ಉದ್ದ ಐತೆ. ಒಂದಿನ ಇದರ ಮುಂದೆ ಕೂತ್ಕಂಡಿದ್ದೀಯಾ?"

"ಇಲ್ಲಿ ಕೂತ್ಕಂಡು ಏನ್ ಮಾಡ್ಲಿ ಹೇಳ್ಲಾ? ಅಲ್ಲಿ ಮೀನಿಗೆ ಊಟ ಹಾಕೋಳು ನಾನು, ಉಪ್ಪು ನೋಡೋಳು ನಾನು, ಗಾಜು ಒರೆಸೋಳು ನಾನು. ಆವಯ್ಯ ಬಾಗಿಲಲ್ಲೇ 'ಅಮ್ಮಾ, ಲೇಟಾಯ್ತಲ್ಲ' ಅಂತಾನೆ. ಇಲ್ಲಿ ಎಲ್ಲಾನೂ ಮಿಷಿನ್ ಮಾಡ್ತದೆ, ನಾನು ಕೈ ಇಟ್ರೆ ಮುಟ್ಬೇಡ ಅಂತೀಯ. ಇವತ್ತು ಹಬ್ಬ ಅಂತ ಮುಟ್ಟಕ್ಕೆ ಬಿಟ್ಟೆ, ಆಸೆ ತೀರೋವಷ್ಟು ಮುಟ್ಬುಟ್ಟೆ."

ಒದ್ದೆ ಬಟ್ಟೆ ಅಲ್ಲೇ ಬಿಟ್ಟು, ಎದ್ದು, ಊಟ ಉದುರಿಸುವ ಡಬ್ಬಿಯನ್ನು ಬಿಚ್ಚಿ ಹೊರಗೆ ತೆಗೆದೆ. ಮೀನಿನ ಊಟದ ಪೊಟ್ಟಣವನ್ನು ಅವ್ವನ ಕೈಗೆ ಕೊಟ್ಟೆ.

"ನಾಳೆಯಿಂದ ನೀನೇ ಹಾಕವ್ವ. ಉಪ್ಪೂ ನೀನೇ ನೋಡು. ಬೆಳಿಗ್ಗೆ ಎದ್ದು ಒಂಬತ್ತಕ್ಕೆ ಇಲ್ಲೇ ಕೂತ್ಕ."

ಅವ್ವ ಪೊಟ್ಟಣ ಇಸಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ತೊಟ್ಟಿಯ ಮುಂದೆ ಸ್ಟೂಲ್ ಎಳೆದು ಕೂತಳು. ಗಾಜಿಗೆ ಅಂಟಿದ್ದ ಒಂದು ಪುರಿಯನ್ನು ಉಗುರಿನಲ್ಲಿ ತೆಗೆದಳು. ಸ್ವಲ್ಪ ಹೊತ್ತು ಮೀನುಗಳನ್ನು ನೋಡಿದಳು. ಇಷ್ಟು ದಿನ ನಾನು ಕಾದದ್ದು ಇದಕ್ಕೇ, ಈಗ ಆ ಮಾತು ಬರುತ್ತದೆ ಅಂತ ಪಕ್ಕದಲ್ಲೇ ನಿಂತೆ.

"ಒಂಬತ್ತಕ್ಕೆ ಆಗಕಿಲ್ಲ ಕಣ್ಲಾ" ಅಂದಳು. "ಒಂಬತ್ತಕ್ಕೆ ಕೆಳಗೆ ಡ್ಯೂಟಿ ಐತೆ. ಬೇಕಾದ್ರೆ ಸಂಜೆ ಮೇಲೆ ನಿಂದು ಓಟಿ ಮಾಡ್ತೀನಿ. ಆದ್ರೆ ಅಲ್ಲಿ ಒಂದ್ ಲೋಟ ಕಾಫಿ ಕೊಡ್ತಾರೆ. ಓಟಿ ಅಂದ್ಮೇಲೆ ನೀನು ಎರಡು ಕೊಡ್ಬೇಕು."